ಗಲ್ಲಿಯಾಚೆಯ ಕಿಟಕಿ

ಮಿಸಿಸಿಪ್ಪಿ ನದಿಯ ದಡದಲ್ಲಿ, ಎತ್ತರದ ದಿಬ್ಬದ ಮೇಲೆ, ನ್ಯಾಚೆಜ್ ಎಂಬ ಊರಿದೆ. ಹತ್ತಿಯ ಹಣದಿಂದ ಎದ್ದ ಊರು ಅದು. ತೋಟಗಳ ಒಡೆಯರು ಅಲ್ಲಿ ಬಿಳಿ ಕಂಬಸಾಲಿನ ಮಹಲುಗಳನ್ನು ಕಟ್ಟಿಸಿಕೊಂಡು ಬಾಳಿದರು. ತೋಟಗಳಲ್ಲಿ ದುಡಿದವರು ಗುಲಾಮರು. ಅಮೆರಿಕದ ಅಂತರ್ಯುದ್ಧ ಮುಗಿದ ಹೊಸತರಲ್ಲಿ ಆ ಊರಿನ ಒಂದು ಫೋಟೊ ಸ್ಟುಡಿಯೋದಲ್ಲಿ ಹದಿಹರೆಯದ ಹುಡುಗನೊಬ್ಬ ಕೆಲಸಕ್ಕಿದ್ದ. ಹೆಸರು ಜಾನ್ ರಾಯ್ ಲಿಂಚ್. ತಾಯಿ ಗುಲಾಮಳು, ತಂದೆ ಐರ್ಲೆಂಡಿನಿಂದ ಬಂದ ಬಿಳಿಯ. ತಾಯಿಯ ಪಾಡೇ ಮಗನ ಪಾಡು ಎಂಬ ಆ ಕಾಲದ ಕಾನೂನಿನಂತೆ ಹುಡುಗನೂ ಹುಟ್ಟಿನಿಂದ ಗುಲಾಮ. 1863ರಲ್ಲಿ ಉತ್ತರದ ಸೈನ್ಯ ನ್ಯಾಚೆಜ್‌ಗೆ ಬಂದಾಗ ಅವನಿಗೆ ಬಿಡುಗಡೆಯಾಯಿತು. ಉತ್ತರದಿಂದ ಬಂದ ಉಪಾಧ್ಯಾಯರು ನಡೆಸುತ್ತಿದ್ದ ರಾತ್ರಿಶಾಲೆಯಲ್ಲಿ ನಾಲ್ಕು ತಿಂಗಳು ಕಲಿತ, ಶಾಲೆ ಮುಚ್ಚಿತು. ಆದರೆ ಸ್ಟುಡಿಯೋದ ಹಿಂದಿನ ಗಲ್ಲಿಯಾಚೆ ಬಿಳಿಯ ಮಕ್ಕಳ ಶಾಲೆಯೊಂದಿತ್ತು. ಕೆಲಸವಿಲ್ಲದ ಹೊತ್ತಿನಲ್ಲಿ ಹುಡುಗ ಆ ಕಿಟಕಿಗಳತ್ತ ಕಿವಿಗೊಟ್ಟು ಕೂರುತ್ತಿದ್ದ. ಅಲ್ಲಿ ಒಪ್ಪಿಸುತ್ತಿದ್ದ ಪಾಠಗಳೆಲ್ಲ ಗಲ್ಲಿ ದಾಟಿ ಅವನಿಗೂ ಪಾಠವಾದವು.

ಹೀಗೆ ಕಲಿತ ಹುಡುಗ 1872ರಲ್ಲಿ, ತನ್ನ 24ನೆಯ ವಯಸ್ಸಿನಲ್ಲಿ, ಮಿಸಿಸಿಪ್ಪಿ ರಾಜ್ಯದ ಕೆಳಮನೆಯ ಸ್ಪೀಕರ್ ಪೀಠದಲ್ಲಿ ಕುಳಿತ. ಮರುವರ್ಷ ಅಮೆರಿಕದ ಕಾಂಗ್ರೆಸ್ಸಿನ ಸದಸ್ಯನಾದ. ಅದೇ ಮಿಸಿಸಿಪ್ಪಿಯ ಮಕ್ಕಳು ಶಾಲೆಯ ಚರಿತ್ರೆ ಪುಸ್ತಕದಲ್ಲಿ ಈ ಕಾಲದ ಬಗ್ಗೆ ನೂರು ವರ್ಷ ಏನು ಓದಿದರು, ಅದನ್ನು ಯಾರು ಬರೆಸಿದರು, ಯಾರು ಎದುರಿಸಿ ನಿಂತರು ಎಂಬುದು ಈ ಬರಹದ ವಿಷಯ.

ಮೊದಲಿಗೆ ನಾಡಿನ ಸ್ಥಿತಿ. 1860ರ ಗಣತಿಯಲ್ಲಿ ಮಿಸಿಸಿಪ್ಪಿಯ ಜನಸಂಖ್ಯೆ ಸುಮಾರು 7,91,000. ಅವರಲ್ಲಿ 4,36,000ಕ್ಕೂ ಹೆಚ್ಚು ಮಂದಿ ಗುಲಾಮರು. ಲಿಂಕನ್ ಅಧ್ಯಕ್ಷರಾಗಿ ಆರಿಸಿಬಂದ ಸುದ್ದಿ ಕೇಳಿ 1861ರ ಜನವರಿ 9ರಂದು ಈ ರಾಜ್ಯ ಒಕ್ಕೂಟದಿಂದ ಹೊರನಡೆಯಿತು. ಹೊರಟದ್ದೇಕೆ ಎಂದು ತಿಳಿಸಲು ಅದರ ಪ್ರತಿನಿಧಿಗಳು ಒಂದು ಘೋಷಣೆಯನ್ನು ಹೊರಡಿಸಿದರು. ನಮ್ಮ ನಿಲುವು ಗುಲಾಮಗಿರಿಯೊಂದಿಗೆ ಪೂರ್ತಿಯಾಗಿ ಬೆಸೆದುಕೊಂಡಿದೆ ಎಂಬ ಮಾತು ಅದರ ಆರಂಭದಲ್ಲಿಯೇ ಇದೆ. ಮುಚ್ಚುಮರೆ ಇಲ್ಲ, ಸುತ್ತುಬಳಸಿಲ್ಲ. ಈ ದಾಖಲೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ದಿನಗಳಲ್ಲಿ ಇದನ್ನು ಬರೆದವರ ಮಕ್ಕಳೇ ಇದನ್ನು ಮರೆಸಲು ನಿಂತರು.

ಯುದ್ಧದಲ್ಲಿ ದಕ್ಷಿಣ ಸೋತಿತು. 1865ರಿಂದ ಮುಂದಿನ ಹನ್ನೆರಡು ವರ್ಷಗಳನ್ನು ಅಮೆರಿಕದವರು ಪುನರ್ನಿರ್ಮಾಣದ ಕಾಲ ಎನ್ನುತ್ತಾರೆ. ನಿನ್ನೆ ಮೊನ್ನೆಯವರೆಗೆ ಹರಾಜು ಕಟ್ಟೆಯ ಮೇಲೆ ನಿಲ್ಲಿಸಿ ಮಾರಿದ್ದ ಜನ ಮತ ಹಾಕಿದರು, ನ್ಯಾಯಪೀಠದಲ್ಲಿ ಕುಳಿತರು, ಶಾಸನ ಬರೆದರು. 1868ರಲ್ಲಿ ಮಿಸಿಸಿಪ್ಪಿಗೆ ಹೊಸ ಸಂವಿಧಾನ ಸಿದ್ಧವಾಯಿತು. ರಾಜ್ಯದ ಎಲ್ಲ ಮಕ್ಕಳಿಗೂ ಉಚಿತ ಸಾರ್ವಜನಿಕ ಶಾಲೆಯ ವ್ಯವಸ್ಥೆ ಬಂದದ್ದು ಅದರಿಂದ. ಗಲ್ಲಿಯಾಚೆಯ ಕಿಟಕಿಗೆ ಕಿವಿಗೊಟ್ಟವರಿಗೆ ಶಾಲೆಯ ಬೆಲೆ ಗೊತ್ತಿತ್ತು. ಬಡ ಬಿಳಿಯರ ಮಕ್ಕಳಿಗೂ ಅಲ್ಲಿಯವರೆಗೆ ಅಂಥ ಶಾಲೆಗಳಿರಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. 1870ರಲ್ಲಿ ಹೈರಮ್ ರೆವೆಲ್ಸ್ ಎಂಬ ಪಾದ್ರಿಯನ್ನು ಮಿಸಿಸಿಪ್ಪಿಯ ಶಾಸನಸಭೆ ವಾಷಿಂಗ್ಟನ್ನಿನ ಸೆನೆಟ್‌ಗೆ ಆರಿಸಿ ಕಳಿಸಿತು. ಅಮೆರಿಕದ ಸೆನೆಟ್‌ನಲ್ಲಿ ಕುಳಿತ ಮೊದಲ ಕಪ್ಪು ಮನುಷ್ಯ ಅವರು. 1875ರಲ್ಲಿ ಬ್ಲಾಂಚ್ ಬ್ರೂಸ್ ಎರಡನೆಯವರಾದರು. ಅವರೂ ಇದೇ ರಾಜ್ಯದವರು, ಹುಟ್ಟಿನಿಂದ ಗುಲಾಮರಾಗಿದ್ದವರು.

ಆ ಬೆಳಕು ಹೆಚ್ಚು ಕಾಲ ಉಳಿಯಲಿಲ್ಲ. 1875ರ ಚುನಾವಣೆಯನ್ನು ಬಿಳಿಯರ ಪಕ್ಷ ಬಂದೂಕಿನಿಂದ ಗೆದ್ದಿತು. ಸಭೆಗಳ ಮೇಲೆ ದಾಳಿ, ಮುಖಂಡರ ಕೊಲೆ, ಮತಗಟ್ಟೆಯ ದಾರಿಯಲ್ಲಿ ಸಶಸ್ತ್ರ ಕಾವಲು. ಗವರ್ನರ್ ಏಮ್ಸ್ ಕೇಂದ್ರದಿಂದ ಸೈನ್ಯ ಕೇಳಿದರು, ಬರಲಿಲ್ಲ. ಕಪ್ಪು ಮತದಾರರೇ ಬಹುಸಂಖ್ಯಾತರಾಗಿದ್ದ ಯಾಜೂ ಕೌಂಟಿಯಲ್ಲಿ ಅವರ ಪಕ್ಷಕ್ಕೆ ಬಿದ್ದ ಮತಗಳು 7. ಮುಂದೆ 1890ರ ಸಂವಿಧಾನ ಬಂದೂಕಿನ ಕೆಲಸವನ್ನು ಕಾನೂನಿಗೆ ವಹಿಸಿತು: ಮತಕ್ಕೆ ತೆರಿಗೆ, ಓದಿನ ಪರೀಕ್ಷೆ, ಸಂವಿಧಾನದ ಅರ್ಥ ಹೇಳುವ ಪರೀಕ್ಷೆ. ಪರೀಕ್ಷಕ ಬಿಳಿಯ, ತೀರ್ಪೂ ಅವನದೇ. ಎರಡು ವರ್ಷದೊಳಗೆ ಪಟ್ಟಿಯಲ್ಲಿ ಉಳಿದ ಕಪ್ಪು ಮತದಾರರು 9,000ಕ್ಕಿಂತ ಕಡಿಮೆ.

ಮತ ಹೋಯಿತು, ಹುದ್ದೆ ಹೋಯಿತು. ಇನ್ನು ಉಳಿದದ್ದು ನೆನಪು. ನನ್ನ ತಿಳಿವಳಿಕೆಯಲ್ಲಿ ಈ ಇತಿಹಾಸದ ಅತ್ಯಂತ ಕ್ರೂರ ಭಾಗ ಇಲ್ಲಿಂದ ಶುರುವಾಗುತ್ತದೆ. ಕಿತ್ತುಕೊಂಡ ಮತವನ್ನು ಕಿತ್ತುಕೊಂಡದ್ದು ಎಂದು ಮೊಮ್ಮಕ್ಕಳು ತಿಳಿದಿದ್ದರೆ ಒಂದು ದಿನ ಮರಳಿ ಕೇಳುತ್ತಾರೆ. ಅಜ್ಜ ಅಯೋಗ್ಯನಾಗಿದ್ದ, ಆಳಲು ಬಾರದೆ ಕೆಡಿಸಿದ, ಅದಕ್ಕೇ ಬಿಳಿಯರು ವಾಪಸು ತೆಗೆದುಕೊಂಡರು ಎಂದು ತಿಳಿದಿದ್ದರೆ ಏನನ್ನು ಕೇಳುತ್ತಾರೆ? ತಲೆ ತಗ್ಗಿಸುತ್ತಾರೆ.

ಆ ಕಥೆಯನ್ನು ಹೆಣೆದವರು ದಕ್ಷಿಣದವರಷ್ಟೇ ಅಲ್ಲ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಡನ್ನಿಂಗ್ ಎಂಬ ಪ್ರಾಧ್ಯಾಪಕರಿದ್ದರು. ಅವರ ಶಿಷ್ಯರು ದಕ್ಷಿಣದ ಒಂದೊಂದು ರಾಜ್ಯದ ಪುನರ್ನಿರ್ಮಾಣದ ಮೇಲೆ ದಪ್ಪ ಪುಸ್ತಕಗಳನ್ನು ಬರೆದರು. ಮಿಸಿಸಿಪ್ಪಿಯದನ್ನು 1901ರಲ್ಲಿ ಜೇಮ್ಸ್ ಗಾರ್ನರ್ ಪ್ರಕಟಿಸಿದರು. ದಾಖಲೆಗಳನ್ನು ಶ್ರಮಪಟ್ಟು ಹುಡುಕಿದವರು ಅವರು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಕಪ್ಪು ಮನುಷ್ಯ ಆಳಲು ತಕ್ಕವನಲ್ಲ ಎಂಬ ತೀರ್ಮಾನ ದಾಖಲೆ ತೆರೆಯುವ ಮುಂಚೆಯೇ ಆ ಪಂಥದ ಮನಸ್ಸಿನಲ್ಲಿ ಕೂತಿತ್ತು. ವಿಶ್ವವಿದ್ಯಾಲಯದ ಮುದ್ರೆ ಬಿದ್ದ ಮೇಲೆ ಅದು ಶಾಲೆಯ ಪುಸ್ತಕಕ್ಕೆ ಇಳಿಯುವುದು ಕಷ್ಟವಾಗಲಿಲ್ಲ.

ಇಳಿಸಿದವರು ಹೆಂಗಸರು. ಯುದ್ಧದಲ್ಲಿ ಸೋತ ಪಡೆಯ ವಂಶಸ್ಥೆಯರು 1894ರಲ್ಲಿ ಟೆನೆಸ್ಸಿಯ ನ್ಯಾಶ್‌ವಿಲ್‌ನಲ್ಲಿ ಸೇರಿ 'ಯುನೈಟೆಡ್ ಡಾಟರ್ಸ್ ಆಫ್ ದಿ ಕಾನ್ಫೆಡರಸಿ' ಎಂಬ ಸಂಘ ಕಟ್ಟಿದರು. ಊರೂರಿನ ಕೋರ್ಟಿನ ಮುಂದೆ ಸೈನಿಕರ ಪ್ರತಿಮೆ ನಿಲ್ಲಿಸಿದ್ದು ಅವರ ಕಣ್ಣಿಗೆ ಕಾಣುವ ಕೆಲಸ. ಕಾಣದ ಕೆಲಸ ಶಾಲೆಯದು. ಸಂಘದ ಇತಿಹಾಸ ಮುಖ್ಯಸ್ಥೆಯಾಗಿ 1911ರಿಂದ 1916ರವರೆಗೆ ದುಡಿದವರು ಜಾರ್ಜಿಯಾದ ಆಥೆನ್ಸ್ ಊರಿನ ಮಿಲ್ಡ್ರೆಡ್ ರುದರ್‌ಫರ್ಡ್. ಗುಲಾಮರನ್ನು ಇಟ್ಟುಕೊಂಡಿದ್ದ ದೊಡ್ಡ ಮನೆತನದವರು. ಹೆಣ್ಣುಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ಭಾಷಣಕ್ಕೆ ನಿಲ್ಲುವಾಗ ಯುದ್ಧಪೂರ್ವ ಕಾಲದ ಅಗಲ ಘೇರಿನ ಉಡುಪು ತೊಟ್ಟು ಬರುತ್ತಿದ್ದರು. ಆಕೆಯ ನಿಷ್ಠೆಯಲ್ಲಿ ಸುಳ್ಳಿರಲಿಲ್ಲ. ಅಗಲಿದ ಹಿರಿಯರ ಮಾನ ಕಾಯುವುದು ತನ್ನ ಧರ್ಮ ಎಂದು ನಂಬಿದ್ದ ಹೆಂಗಸು. ಆ ನಂಬಿಕೆಯೇ ಆಕೆಯನ್ನು ಅಷ್ಟು ಬಲಶಾಲಿಯಾಗಿಸಿತು.

ಯುರೋಪಿನ ಮಹಾಯುದ್ಧ ಮುಗಿದ ಸುಮಾರಿಗೆ ಆಕೆ ಒಂದು ಸಣ್ಣ ಪುಸ್ತಿಕೆ ಅಚ್ಚು ಹಾಕಿಸಿದರು. ಪಠ್ಯಪುಸ್ತಕಗಳನ್ನು ಅಳೆಯುವ ಅಳತೆಗೋಲು ಎಂಬುದು ಅದರ ಹೆಸರಿನ ಅರ್ಥ. ಶಾಲಾ ಮಂಡಳಿಗಳು, ಗ್ರಂಥಾಲಯಗಳು ಯಾವ ಪುಸ್ತಕ ಒಪ್ಪಬೇಕು, ಯಾವುದನ್ನು ತಳ್ಳಬೇಕು ಎಂಬ ಸೂಚನೆಗಳು ಅದರಲ್ಲಿದ್ದವು. ದಕ್ಷಿಣವು ಗುಲಾಮರನ್ನು ಉಳಿಸಿಕೊಳ್ಳಲು ಕಾದಿತು ಎನ್ನುವ ಪುಸ್ತಕ ಬೇಡ. ಒಡೆಯ ಕ್ರೂರಿಯಾಗಿದ್ದ ಎನ್ನುವ ಪುಸ್ತಕ ಬೇಡ. ಲಿಂಕನ್‌ರನ್ನು ಹೊಗಳಿ ದಕ್ಷಿಣದ ಅಧ್ಯಕ್ಷ ಜೆಫರ್ಸನ್ ಡೇವಿಸ್‌ರನ್ನು ತೆಗಳುವ ಪುಸ್ತಕ ಬೇಡ. ಗ್ರಂಥಾಲಯದಲ್ಲಿ ಆಗಲೇ ಅಂಥ ಪುಸ್ತಕವಿದ್ದರೆ, ದಕ್ಷಿಣಕ್ಕೆ ಅನ್ಯಾಯ ಮಾಡಿದ್ದು ಎಂದು ಅದರ ಮೇಲೆ ಬರೆದಿಡಬೇಕು. 1861ರಲ್ಲಿ ಮಿಸಿಸಿಪ್ಪಿ ತಾನೇ ಹೊರಡಿಸಿದ ಘೋಷಣೆಯನ್ನು ಒಂದು ಶಾಲಾಪುಸ್ತಕ ಯಥಾವತ್ತಾಗಿ ಅಚ್ಚು ಹಾಕಿದ್ದರೆ ಈ ಅಳತೆಗೋಲಿಗೆ ಅದೂ ನಿಲ್ಲುತ್ತಿರಲಿಲ್ಲ. ನಿವೃತ್ತ ಸೈನಿಕರ ಸಂಘವೂ ಈ ಪುಸ್ತಿಕೆಯ ಬೆನ್ನಿಗೆ ನಿಂತಿತು. ರಾಜ್ಯವೇ ಪುಸ್ತಕ ಆರಿಸುವ ಪದ್ಧತಿ ದಕ್ಷಿಣದಲ್ಲಿ ಬೇರೂರುತ್ತಿದ್ದ ಕಾಲ ಅದು. ಒಂದು ರಾಜ್ಯದ ಮಂಡಳಿ ತಳ್ಳಿದರೆ ಇಡೀ ಮಾರುಕಟ್ಟೆ ಕೈತಪ್ಪುತ್ತದೆ. ಪ್ರಕಾಶಕರು ಲೆಕ್ಕ ಹಾಕಿದರು, ಪುಸ್ತಕಗಳು ಮೆತ್ತಗಾದವು.

ಎದುರು ನಿಂತವರೂ ಇದ್ದರು. 1909ರ ಡಿಸೆಂಬರಿನಲ್ಲಿ ಕಪ್ಪು ವಿದ್ವಾಂಸ ಡು ಬೊಯ್ಸ್ ಅಮೆರಿಕದ ಇತಿಹಾಸಕಾರರ ಸಂಘದ ಮುಂದೆ ಪುನರ್ನಿರ್ಮಾಣದಿಂದಾದ ಪ್ರಯೋಜನಗಳ ಬಗ್ಗೆ ಪ್ರಬಂಧ ಓದಿದರು: ಸಾರ್ವಜನಿಕ ಶಾಲೆಗಳು, ವಿಸ್ತಾರಗೊಂಡ ಮತದಾನ, ಹೊಸ ಸಾಮಾಜಿಕ ಶಾಸನಗಳು. ಮರುವರ್ಷ ಸಂಘದ ಪತ್ರಿಕೆ ಅದನ್ನು ಪ್ರಕಟಿಸಿತು. 'ನೀಗ್ರೊ' ಎಂಬ ಪದವನ್ನು ದೊಡ್ಡಕ್ಷರದಿಂದ ಆರಂಭಿಸಿ ಎಂದು ಡು ಬೊಯ್ಸ್ ಕೇಳಿಕೊಂಡರು, ಸಂಪಾದಕರು ಒಪ್ಪಲಿಲ್ಲ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರದ ಭೇದವಿಲ್ಲವಾದ್ದರಿಂದ ಆ ನಿರಾಕರಣೆಯ ಪೆಟ್ಟು ನಮಗೆ ತಟ್ಟನೆ ತಾಗದಿರಬಹುದು. ಎಲ್ಲ ಜನಾಂಗಗಳ ಹೆಸರನ್ನೂ ದೊಡ್ಡಕ್ಷರದಿಂದ ಬರೆದು ಒಂದನ್ನು ಮಾತ್ರ ಸಣ್ಣಕ್ಷರದಿಂದ ಬರೆದರೆ, ಅದು ಜನಾಂಗದ ಹೆಸರಲ್ಲ, ಯಾವುದೋ ವಸ್ತುವಿನ ಹೆಸರು ಎಂದಂತೆ. 1935ರಲ್ಲಿ ಅವರು ಈ ಕಾಲದ ಮೇಲೆ ಏಳುನೂರು ಪುಟ ಮೀರಿದ ಗ್ರಂಥ ಬರೆದರು. ಅದರ ಕೊನೆಯ ಅಧ್ಯಾಯದಲ್ಲಿ ಆಗ ಶಾಲೆಗಳಲ್ಲಿ ನಡೆಯುತ್ತಿದ್ದ ಪಠ್ಯಪುಸ್ತಕಗಳನ್ನು ಒಂದೊಂದಾಗಿ ಎತ್ತಿ, ಅವು ಮಕ್ಕಳಿಗೆ ಏನು ಹೇಳುತ್ತಿವೆ ಎಂದು ತೋರಿಸಿದರು.

ಮುದಿವಯಸ್ಸಿನ ಜಾನ್ ರಾಯ್ ಲಿಂಚ್ ಕೂಡ ಲೇಖನಿ ಹಿಡಿದರು. ತಾವು ಕಣ್ಣಾರೆ ಕಂಡ, ಕೈಯಾರೆ ನಡೆಸಿದ ಆಡಳಿತವನ್ನು ಪುಸ್ತಕಗಳು ಕಳ್ಳರ ಕೂಟ ಎಂದು ಬಣ್ಣಿಸುವುದನ್ನು ಅವರು ಸಹಿಸಲಾರದೆ ಹೋದರು. 1913ರಲ್ಲಿ ಪುನರ್ನಿರ್ಮಾಣದ ನಿಜಸಂಗತಿಗಳ ಪುಸ್ತಕ ಹೊರತಂದರು. ನಾಲ್ಕು ವರ್ಷಗಳ ನಂತರ, ಆ ಕಾಲದ ಪ್ರಸಿದ್ಧ ಇತಿಹಾಸಕಾರ ಜೇಮ್ಸ್ ಫೋರ್ಡ್ ರೋಡ್ಸ್ ಮಾಡಿದ ತಪ್ಪುಗಳನ್ನು ಎತ್ತಿ ತೋರಿಸುತ್ತ ದೀರ್ಘ ಲೇಖನ ಬರೆದರು. ಅದನ್ನು ಪ್ರಕಟಿಸಿದ್ದು ಕಾರ್ಟರ್ ವುಡ್ಸನ್‌ರ ಪತ್ರಿಕೆ. ಗುಲಾಮರಾಗಿದ್ದ ತಂದೆತಾಯಿಗಳ ಮಗ ವುಡ್ಸನ್. ಕಲ್ಲಿದ್ದಲ ಗಣಿಯಲ್ಲಿ ಬೆವರು ಸುರಿಸಿ, ತಡವಾಗಿ ಶಾಲೆ ಸೇರಿ, 1912ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್ ಪಡೆದವರು. 1926ರ ಫೆಬ್ರವರಿಯಲ್ಲಿ ಅವರು ಆರಂಭಿಸಿದ ಕಪ್ಪುಜನರ ಚರಿತ್ರೆಯ ವಾರ ಇಂದು ತಿಂಗಳಿನ ಆಚರಣೆಯಾಗಿ ಬೆಳೆದಿದೆ. ರಾಜ್ಯದ ಪುಸ್ತಕ ಕೊಡದ ಪಾಠವನ್ನು ಕಪ್ಪು ಉಪಾಧ್ಯಾಯಿನಿಯರು ವರ್ಷಕ್ಕೊಂದು ವಾರವಾದರೂ ತರಗತಿಗೆ ತಂದರು.

ವಾರ ಕಳೆದ ಮೇಲೆ ಮತ್ತೆ ಅದೇ ಪುಸ್ತಕ. ಲಿಂಚ್ 1939ರಲ್ಲಿ, 92ನೆಯ ವಯಸ್ಸಿನಲ್ಲಿ, ಶಿಕಾಗೊದಲ್ಲಿ ತೀರಿಕೊಂಡರು. ಅವರ ಆತ್ಮಕಥೆ ಹಸ್ತಪ್ರತಿಯಾಗಿಯೇ ಉಳಿಯಿತು.

1964ರ ಬೇಸಿಗೆಯಲ್ಲಿ ಮಿಸಿಸಿಪ್ಪಿಗೆ ನಾಗರಿಕ ಹಕ್ಕುಗಳ ಚಳವಳಿಯ ವಿದ್ಯಾರ್ಥಿ ಸ್ವಯಂಸೇವಕರು ಬಂದಿಳಿದರು. ಮತದಾರರ ನೋಂದಣಿಯ ಜೊತೆಗೆ ಚರ್ಚುಗಳಲ್ಲಿ, ಮರಗಳ ನೆರಳಲ್ಲಿ ಸುಮಾರು 40 ಸ್ವಾತಂತ್ರ್ಯ ಶಾಲೆಗಳನ್ನು ತೆರೆದರು. ಎರಡು ಸಾವಿರಕ್ಕೂ ಹೆಚ್ಚು ಮಂದಿ ಅಲ್ಲಿ ತಮ್ಮ ಚರಿತ್ರೆಯನ್ನು ಮೊದಲ ಬಾರಿ ಕೇಳಿದರು. ಜೂನ್ 21ರ ರಾತ್ರಿ ಮೂವರು ಕಾರ್ಯಕರ್ತರನ್ನು ಕೊಂದು ಮಣ್ಣಿನ ಏರಿಯಲ್ಲಿ ಹೂತರು. ರಾಜಧಾನಿ ಜಾಕ್ಸನ್ನಿನ ಹೊರವಲಯದ ಟೂಗಲೂ ಕಾಲೇಜು ಆ ಚಳವಳಿಯ ತವರು. ಬಿಡುಗಡೆಗೊಂಡವರ ಮಕ್ಕಳಿಗಾಗಿ 1869ರಲ್ಲಿ ಹುಟ್ಟಿದ ಕಾಲೇಜದು. ಕನ್ನಡಿಗರಿಗೆ ಈ ಹೆಸರಿನ ಹತ್ತಿರ ಒಂದು ಕ್ಷಣ ನಿಲ್ಲಬೇಕೆನಿಸುತ್ತದೆ. ಕಾಗೋಡು ಸತ್ಯಾಗ್ರಹಕ್ಕಾಗಿ 1951ರಲ್ಲಿ ಸಾಗರಕ್ಕೆ ಬಂದು ಬಂಧನಕ್ಕೊಳಗಾದ ರಾಮಮನೋಹರ ಲೋಹಿಯಾ 1964ರ ಮೇ ತಿಂಗಳಲ್ಲಿ ಇದೇ ಟೂಗಲೂ ಕಾಲೇಜಿನ ಅತಿಥಿಯಾಗಿದ್ದರು. ಪಂಚೆಯುಟ್ಟು ಜಾಕ್ಸನ್ನಿನ ಬಿಳಿಯರ ಹೋಟೆಲೊಂದಕ್ಕೆ ಹೋದರು; ತಡೆದರು. ಮರುದಿನ ಮುಂಚಿತವಾಗಿ ತಿಳಿಸಿ ಮತ್ತೆ ಹೋದರು, ಪೊಲೀಸರು ಹಿಡಿದರು. ಅಮೆರಿಕದ ಸರ್ಕಾರ ವಿಷಾದ ಸೂಚಿಸಿತು. ಉಳುವವನ ಹೊಲಕ್ಕೂ ಉಣ್ಣುವವನ ಮೇಜಿಗೂ ಒಂದೇ ನ್ಯಾಯ ಕೇಳಿದ ಆ ಮನುಷ್ಯನನ್ನು ನೆನೆಯದೆ ಟೂಗಲೂ ಹೆಸರು ಬರೆಯಲು ನನ್ನಿಂದಾಗಲಿಲ್ಲ.

ಲೋಹಿಯಾ ಬಂದುಹೋದ ಕೆಲವೇ ವರ್ಷಗಳಲ್ಲಿ ಜೇಮ್ಸ್ ಲೋವನ್ ಎಂಬ ಬಿಳಿಯ ತರುಣ ಟೂಗಲೂಗೆ ಸಮಾಜಶಾಸ್ತ್ರ ಕಲಿಸಲು ಸೇರಿದರು. 1970ರ ಆಸುಪಾಸಿನ ಒಂದು ದಿನ, ಹೊಸದಾಗಿ ಬಂದ ವಿದ್ಯಾರ್ಥಿಗಳ ತರಗತಿಯಲ್ಲಿ, ಪುನರ್ನಿರ್ಮಾಣ ಎಂದರೇನು ಎಂದು ಕೇಳಿದರು. ಒಬ್ಬರನ್ನು ಬಿಟ್ಟು ಉಳಿದವರೆಲ್ಲರ ಉತ್ತರದ ಸಾರ ಒಂದೇ: ಆ ಕಾಲದಲ್ಲಿ ಕಪ್ಪುಜನರು ರಾಜ್ಯವಾಳಿದರು, ಗುಲಾಮಗಿರಿಯಿಂದ ಆಗತಾನೇ ಹೊರಬಂದಿದ್ದರಿಂದ ಎಲ್ಲ ಕೆಡಿಸಿದರು, ಕೊನೆಗೆ ಬಿಳಿಯರೇ ಮತ್ತೆ ಆಡಳಿತ ವಹಿಸಿಕೊಳ್ಳಬೇಕಾಯಿತು. ಹೇಳಿದವರು ರೆವೆಲ್ಸ್, ಬ್ರೂಸ್, ಲಿಂಚ್‌ರ ನಾಡಿನ ಕಪ್ಪು ಮಕ್ಕಳು. ಕಪ್ಪು ಶಾಲೆಗಳಲ್ಲಿ, ಕಪ್ಪು ಉಪಾಧ್ಯಾಯರ ಬಳಿ, ರಾಜ್ಯ ಕೊಟ್ಟ ಪುಸ್ತಕ ಓದಿ ಬಂದವರು. ಆ ಉತ್ತರ ಕೇಳಿ ತಾನು ನಡುಗಿದೆ ಎಂದು ಲೋವನ್ ಮುಂದೆ ಅನೇಕ ಬಾರಿ ಹೇಳಿಕೊಂಡರು. ರುದರ್‌ಫರ್ಡ್ ತೀರಿಕೊಂಡು ನಾಲ್ಕು ದಶಕಗಳಾಗಿದ್ದವು. ಆಕೆಯ ಅಳತೆಗೋಲು ಆ ಮಕ್ಕಳ ನಾಲಿಗೆಯ ಮೇಲೆ ಇನ್ನೂ ಇತ್ತು. ತಮ್ಮ ಅಜ್ಜಂದಿರ ವಿರುದ್ಧ ತಾವೇ ಸಾಕ್ಷಿ ಹೇಳುವಂತೆ ಮಕ್ಕಳನ್ನು ತಯಾರು ಮಾಡುವುದಕ್ಕಿಂತ ದೊಡ್ಡ ಅಪರಾಧವನ್ನು ಒಂದು ಶಾಲೆ ಮಾಡಲಾರದು. ಲಿಂಚ್‌ರ ಆತ್ಮಕಥೆ ಕೊನೆಗೂ ಅಚ್ಚಾಗಿ ಹೊರಬಂದದ್ದು ಆ 1970ರಲ್ಲೇ.

ಜಾಕ್ಸನ್ನಿನ ಇನ್ನೊಂದು ಕಾಲೇಜು, ಬಿಳಿಯರದೇ ಆಗಿದ್ದ ಮಿಲ್‌ಸಾಪ್ಸ್. ಅಲ್ಲಿಯ ಇತಿಹಾಸ ಪ್ರಾಧ್ಯಾಪಕ ಚಾರ್ಲ್ಸ್ ಸಾಲಿಸ್, ಮಿಸಿಸಿಪ್ಪಿಯ ಮಣ್ಣಿನ ಮಗ. ಲೋವನ್ ಮತ್ತು ಸಾಲಿಸ್, ಎರಡೂ ಕಾಲೇಜುಗಳ ವಿದ್ಯಾರ್ಥಿಗಳನ್ನೂ ಸಹೋದ್ಯೋಗಿಗಳನ್ನೂ ಸೇರಿಸಿಕೊಂಡು, ಒಂಬತ್ತನೆಯ ತರಗತಿಗೆ ಹೊಸ ಪುಸ್ತಕ ಬರೆದರು. ಹೆಸರು 'ಮಿಸಿಸಿಪ್ಪಿ: ಕಾನ್‌ಫ್ಲಿಕ್ಟ್ ಅಂಡ್ ಚೇಂಜ್', ಅಂದರೆ ಸಂಘರ್ಷ ಮತ್ತು ಬದಲಾವಣೆ. ನ್ಯೂಯಾರ್ಕಿನ ಪ್ಯಾಂಥಿಯಾನ್ 1974ರಲ್ಲಿ ಪ್ರಕಟಿಸಿತು. ಮರುವರ್ಷ ದಕ್ಷಿಣದ ಶ್ರೇಷ್ಠ ಕೃತಿಗೆ ಕೊಡುವ ಲಿಲಿಯನ್ ಸ್ಮಿತ್ ಪ್ರಶಸ್ತಿ ಅದಕ್ಕೆ ಸಂದಿತು.

ರಾಜ್ಯದ ಪುಸ್ತಕ ಪರಿಶೀಲನಾ ಸಮಿತಿಯಲ್ಲಿ ಏಳು ಸದಸ್ಯರು: ಐವರು ಬಿಳಿಯರು, ಇಬ್ಬರು ಕಪ್ಪುಜನರು. ಕಪ್ಪು ಸದಸ್ಯರಿಬ್ಬರೂ ಪುಸ್ತಕವನ್ನು ಒಪ್ಪಿದರು. ಬಿಳಿಯರು ಐವರೂ ತಳ್ಳಿದರು. ಜನಾಂಗದ ವಿಷಯಕ್ಕೆ ಅತಿ ಒತ್ತು, ತರಗತಿಗೆ ತಕ್ಕುದಲ್ಲ ಎಂಬುದು ಅವರ ಕಾರಣ. ಒಂದಕ್ಕಿಂತ ಹೆಚ್ಚು ಪುಸ್ತಕಗಳನ್ನು ಒಪ್ಪಲು ಅವಕಾಶವಿದ್ದರೂ ಪಟ್ಟಿಯಲ್ಲಿ ಉಳಿದದ್ದು ಪ್ರಾಧ್ಯಾಪಕ ಬೆಟರ್ಸ್‌ವರ್ತ್‌ರ ಹಳೆಯ ಪುಸ್ತಕವೊಂದೇ. ಪಟ್ಟಿಯಲ್ಲಿಲ್ಲದ ಪುಸ್ತಕಕ್ಕೆ ರಾಜ್ಯದ ಹಣವಿಲ್ಲ. 1975ರ ನವೆಂಬರಿನಲ್ಲಿ ಲೇಖಕರು, ಪೋಷಕರು, ವಿದ್ಯಾರ್ಥಿಗಳು ಜೊತೆಗೂಡಿ ಫೆಡರಲ್ ನ್ಯಾಯಾಲಯದ ಬಾಗಿಲು ತಟ್ಟಿದರು. ಸಮಿತಿಯ ಸದಸ್ಯ ಜಾನ್ ಟರ್ನಿಪ್‌ಸೀಡ್‌ರ ಹೆಸರಿನಿಂದ ಮೊಕದ್ದಮೆ ಲೋವನ್ ವಿರುದ್ಧ ಟರ್ನಿಪ್‌ಸೀಡ್ ಎಂದು ದಾಖಲಾಯಿತು.

ವಿಚಾರಣೆಯ ತಿರುಳು ಒಂದು ಛಾಯಾಚಿತ್ರ. ಗುಂಪುಹತ್ಯೆಯ ಚಿತ್ರವೊಂದನ್ನು ಹೊಸ ಪುಸ್ತಕ ಅಚ್ಚು ಹಾಕಿತ್ತು. 1882ರಿಂದ 1968ರವರೆಗೆ ಮಿಸಿಸಿಪ್ಪಿಯಲ್ಲಿ ಇಂಥ 581 ಹತ್ಯೆಗಳನ್ನು ಟಸ್ಕೆಗೀ ಸಂಸ್ಥೆ ಲೆಕ್ಕ ಹಾಕಿದೆ. ಬೇರಾವ ರಾಜ್ಯದಲ್ಲೂ ಅಷ್ಟಿಲ್ಲ. ಟರ್ನಿಪ್‌ಸೀಡ್ ಸಾಕ್ಷಿಕಟ್ಟೆಯಲ್ಲಿ ತಮ್ಮ ಆತಂಕವನ್ನು ಬಿಚ್ಚಿಟ್ಟರು. ಒಂಬತ್ತನೆಯ ತರಗತಿಯ ಕಪ್ಪು ಹುಡುಗರಲ್ಲಿ ಕೆಲವರು ದೊಡ್ಡ ಆಳುಗಳು. ಪಾಠ ಮಾಡುವವಳು ಬಿಳಿಯ ಹೆಂಗಸಾದರೆ, ಇಂಥ ಚಿತ್ರ ನೋಡಿದ ಮೇಲೆ ತರಗತಿಯನ್ನು ಹಿಡಿತದಲ್ಲಿಡುವುದು ಹೇಗೆ? ಆಗ ನ್ಯಾಯಾಧೀಶ ಓರ್ಮಾ ಸ್ಮಿತ್ ತಾವೇ ಪ್ರಶ್ನೆಗಿಳಿದರು. ಅವರೂ ಮಿಸಿಸಿಪ್ಪಿಯಲ್ಲೇ ಹುಟ್ಟಿ ಬೆಳೆದ ಬಿಳಿಯ, ವಯಸ್ಸಾದವರು. ಇದು ನಡೆದದ್ದು ಹೌದಲ್ಲವೇ, ಬೇರೆ ರಾಜ್ಯಗಳಿಗಿಂತ ಇಲ್ಲಿಯೇ ಹೆಚ್ಚು ನಡೆದದ್ದಲ್ಲವೇ ಎಂದು ಕೇಳಿದರು. ಹೌದು, ಆದರೆ ಅದೆಲ್ಲ ಎಂದೋ ಆಗಿಹೋದದ್ದು, ಈಗೇಕೆ ಕೆದಕಬೇಕು ಎಂದರು ಸಾಕ್ಷಿ. ಇದು ಇತಿಹಾಸದ ಪುಸ್ತಕವಲ್ಲವೇ ಎಂದು ಕೇಳಿದರು ನ್ಯಾಯಾಧೀಶರು.

ಟರ್ನಿಪ್‌ಸೀಡ್ ಹೇಳಿದ ಭಯವನ್ನು ನಾನು ಹಗುರವಾಗಿ ಕಾಣಲಾರೆ. ಒಂದೇ ಕೋಣೆಯಲ್ಲಿ ಕೊಂದವರ ಮೊಮ್ಮಕ್ಕಳೂ ಸತ್ತವರ ಮೊಮ್ಮಕ್ಕಳೂ ಕೂತಿದ್ದ ಕಾಲ. ಮಿಸಿಸಿಪ್ಪಿಯ ಶಾಲೆಗಳು ಒಟ್ಟುಗೂಡಿ ಆಗಿನ್ನೂ ಹತ್ತು ವರ್ಷವಾಗಿರಲಿಲ್ಲ. ಆದರೆ ಆ ಹುಡುಗರ ಮನೆಗಳಲ್ಲಿ ಈ ಕೊಲೆಗಳು ಗೊತ್ತಿಲ್ಲದ ಸಂಗತಿಗಳಾಗಿರಲಿಲ್ಲ. ಅಜ್ಜಿಯರು ದನಿ ತಗ್ಗಿಸಿ ಹೇಳಿದ್ದರು. ಪುಸ್ತಕ ಮರೆಮಾಚಿದಾಗ ಹುಡುಗ ಕಲಿಯುವುದು ಸೌಹಾರ್ದವನ್ನಲ್ಲ; ತನ್ನ ಅಜ್ಜಿಯ ಮಾತಿಗೆ ಶಾಲೆಯಲ್ಲಿ ಬೆಲೆಯಿಲ್ಲ ಎಂಬುದನ್ನು.

1980ರ ಏಪ್ರಿಲ್ 2ರಂದು ತೀರ್ಪು ಬಂತು. ಸಮಿತಿ ಪುಸ್ತಕವನ್ನು ತಳ್ಳಿದ್ದಕ್ಕೆ ನ್ಯಾಯವಾದ ಕಾರಣವಿಲ್ಲ, ಜನಾಂಗದ ವಿಷಯಗಳೇ ಅದರ ಹಿಂದಿನ ಕಾರಣ ಎಂದ ನ್ಯಾಯಾಧೀಶರು, ಪುಸ್ತಕವನ್ನು ಆರು ವರ್ಷಗಳ ಮಟ್ಟಿಗೆ ಅನುಮೋದಿತ ಪಟ್ಟಿಗೆ ಸೇರಿಸಲು ಆಜ್ಞಾಪಿಸಿದರು. ಪಟ್ಟಿಗೆ ಸೇರಿತು, ಕೊಂಡ ಶಾಲೆಗಳು ಹೆಚ್ಚಿರಲಿಲ್ಲ. ಪಟ್ಟಿಯಲ್ಲಿರುವ ಪುಸ್ತಕವನ್ನು ಕೊಳ್ಳಲೇಬೇಕೆಂದು ಯಾವ ನ್ಯಾಯಾಲಯವೂ ಹೇಳಲಾರದಷ್ಟೇ. ಆದರೆ ಆ ಬಳಿಕ ಬಂದ ಇತರ ಪುಸ್ತಕಗಳಿಗೆ ಹಳೆಯ ಮೌನವನ್ನು ಹಾಗೆಯೇ ಮುಂದುವರಿಸುವುದು ಸುಲಭವಾಗಲಿಲ್ಲ. ಲೋವನ್ ಮುಂದೆ ಇಡೀ ದೇಶದ ಶಾಲಾಪುಸ್ತಕಗಳನ್ನು ಜಾಲಾಡಿ 1995ರಲ್ಲಿ ಬರೆದ ಪುಸ್ತಕ ಲಕ್ಷಾಂತರ ಪ್ರತಿ ಮಾರಾಟವಾಯಿತು. ಅವರು 2021ರ ಆಗಸ್ಟ್‌ನಲ್ಲಿ ತೀರಿಕೊಂಡರು.

ಐದು ತಿಂಗಳ ನಂತರ, 2022ರ ಜನವರಿಯಲ್ಲಿ, ಜಾಕ್ಸನ್ನಿನ ಸೆನೆಟ್‌ನಲ್ಲಿ ಶಾಲೆಯ ಪಾಠಗಳ ಬಗ್ಗೆ ಹೊಸ ಮಸೂದೆಯೊಂದು ಮತಕ್ಕೆ ಬಂತು. ಯಾವುದೇ ಜನಾಂಗ ಹುಟ್ಟಿನಿಂದ ಮೇಲು ಅಥವಾ ಕೀಳು ಎಂದು ಒಪ್ಪಿಕೊಳ್ಳುವಂತೆ ವಿದ್ಯಾರ್ಥಿಗಳನ್ನು ಬಲವಂತಪಡಿಸಬಾರದು ಎಂಬುದು ಅದರ ಮಾತು. ಯಾವ ಮಗುವೂ ತನ್ನ ಬಣ್ಣಕ್ಕಾಗಿ ಕುಗ್ಗಬಾರದು ಎಂಬುದು ಬೆಂಬಲಿಗರ ವಾದ. ನಿಜ ಚರಿತ್ರೆ ಹೇಳಲು ಉಪಾಧ್ಯಾಯರು ಅಂಜುವಂತಾಗುತ್ತದೆ ಎಂಬುದು ವಿರೋಧಿಗಳ ವಾದ. ಮತಕ್ಕೆ ಹಾಕುವ ಮುನ್ನ ಸದನದ ಕಪ್ಪು ಸೆನೆಟರ್‌ಗಳೆಲ್ಲ ಎದ್ದು ಹೊರನಡೆದರು. ಮಸೂದೆ ಅಂಗೀಕಾರವಾಯಿತು, ಮಾರ್ಚ್‌ನಲ್ಲಿ ಗವರ್ನರ್ ಸಹಿ ಬಿತ್ತು.

ಅದೇ ಜಾಕ್ಸನ್ನಿನಲ್ಲಿ ಹಳೆಯ ಶಾಸನಭವನ ಇನ್ನೂ ನಿಂತಿದೆ. 1861ರ ಘೋಷಣೆ ಹೊರಟದ್ದು ಅಲ್ಲಿಂದ. ರೆವೆಲ್ಸ್‌ರನ್ನು ವಾಷಿಂಗ್ಟನ್ನಿಗೆ ಕಳಿಸಿದ್ದು ಅಲ್ಲಿಂದ. ಕಿಟಕಿಯ ಆಚೆಗೆ ಕಿವಿಗೊಟ್ಟು ಕಲಿತ ಹುಡುಗ ಸ್ಪೀಕರ್ ಪೀಠವೇರಿದ್ದೂ ಅಲ್ಲೇ. ಈಗ ಅದು ವಸ್ತುಸಂಗ್ರಹಾಲಯ. ಶಾಲೆಯ ಮಕ್ಕಳು ಸಾಲಾಗಿ ಬಂದು, ಆ ಸಭಾಂಗಣದ ನಡುವೆ ನಿಂತು, ಮೇಲಕ್ಕೆ ನೋಡುತ್ತಾರೆ.